ಬಾಗಿಲ ಎಡಕ್ಕೆ ಗುಲಾಬಿ ಬೇಡ

ಡಂಪಿಟ್ ಕಾಫಿ ತೋಟ, ಜಾವಾ
೧೯೦೮

ಹೊಸದಾಗಿ ಬರುತ್ತಿರುವ ದೊರೆಸಾನಿಯವರಿಗೆ,

ನಿಮ್ಮ ಹಡಗು ಬರುವ ಮೊದಲೇ ನಾನು ಬಂಗಲೆ ಬಿಟ್ಟಿರುತ್ತೇನೆ. ಮದುವೆಯಾದ ಹೆಂಡತಿ ಬಂದಮೇಲೆ ದೊರೆಯೊಂದಿಗೆ ಬಾಳಿದ ನನ್ನಂಥವಳು ಇರಬಾರದೆಂಬುದು ಇಲ್ಲಿನ ತೋಟಗಳ ರೂಢಿ. ನನ್ನ ಮಗಳು ಕೋರಾಳಿಗೆ ಅಪ್ಪನ ಹೆಸರು ಸಿಕ್ಕಿದೆ, ಹಾಗಾಗಿ ನಿಮ್ಮ ಬಳಿಯೇ ಉಳಿಯುತ್ತಾಳೆ. ಅನ್ನ ಬಿಸಿಯಿದ್ದರೆ ಮುಟ್ಟುವುದಿಲ್ಲ, ಬೈಯಬೇಡಿ.

ಗುಲಾಬಿಗೆ ಬಾಗಿಲ ಎಡಕ್ಕೆ ಪಾತಿ ಮಾಡಿಸಲು ಬರೆದಿದ್ದೀರಂತೆ. ದಯವಿಟ್ಟು ಬಲಕ್ಕೆ ಮಾಡಿಸಿ. ಎಡಕ್ಕೆ ಕೋರಾಳ ಹೊಕ್ಕುಳಬಳ್ಳಿಯ ಮಡಕೆ ಹೂತಿದೆ. ನಮ್ಮಲ್ಲಿ ಅದನ್ನು ತಂದೆಯೇ ಹೂಳಬೇಕು. ದೊರೆ ಬಿಳಿ ಕೋಟಿನಲ್ಲೇ ಮಣ್ಣು ಅಗೆದಾಗ ಆಳುಗಳು, "ನೋಡ್ರೋ, ದೊರೆ ನಮ್ಮೋನೇ ಆಗ್ಬಿಟ್ಟ!" ಎಂದು ನಕ್ಕಿದ್ದರು. ಈಗ ನೆನಪಿಸಿದರೆ ದೊರೆ, "ಅದೆಲ್ಲಾ ಅವಳಿಗ್ಯಾಕೆ? ಸುಮ್ನಿರು" ಎನ್ನುತ್ತಾರೆ. ಅದಕ್ಕೇ ನಾನು ಬರೆದೆ.

"ಅಮ್ಮಾ, ಹೊಸಮ್ಮ ಬಂದ್ರೆ ನೀನು ಯಾರ್ಗೆ ಅಮ್ಮ?" ಎಂದಳು ಕೋರಾ. "ಕೋಳಿಗಳಿಗೆ ಕಣೇ" ಎಂದೆ. ನಕ್ಕಳು.

ಮಗುವಿಗೆ ಜ್ವರ ಬಂದರೆ ಆ ಜಾಗದಲ್ಲೊಂದು ದೀಪ ಇಡಿಸಿ. ಕೆಳಗಿನ ಹಳ್ಳಿಯ ನನ್ನ ಅಂಗಳಕ್ಕೆ ನಿಮ್ಮ ಬಾಗಿಲು ಕಾಣುತ್ತದೆ. ನಾನು ಮೇಲೆ ಬರುವುದಿಲ್ಲ. ಜ್ವರ ಇಳಿದಮೇಲೆ ದೀಪ ತೆಗೆಸುವುದನ್ನು ಮಾತ್ರ ಮರೆಯಬೇಡಿ.

ಇಂತಿ,
ಕಾಸಿನೆಮ್