ಬೇರೆ ಗ್ರಹದವರ ಪಟ್ಟಿ

ಹೊಸ ಮನೆ, ಮೂರನೆಯ ಮಹಡಿ
ಭಾನುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಲಭುಜದ ನೋವು ಕಡಿಮೆಯಾಯಿತೇ? ಸಮವಸ್ತ್ರದ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಪದರ ಪದರ ಬಟ್ಟೆ ಕತ್ತರಿಸಿದರೆ ಭುಜ ತಾನೇ ಏನು ಮಾಡೀತು ಎಂದು ಅಮ್ಮ ದಿನಕ್ಕೆರಡು ಸಲ ಫೋನಿನಲ್ಲಿ ನನ್ನನ್ನು ದಬಾಯಿಸುತ್ತಾಳೆ, ಕತ್ತರಿಯನ್ನು ನಾನೇ ನಿನ್ನ ಕೈಗೆ ಕೊಟ್ಟೆನೋ ಎಂಬಂತೆ. ಕನ್ನಡಕ ಮಾಡಿಸಿಕೊಂಡೆಯಾ? ಹೂಂ ಅನ್ನಬೇಡ, ನಿನ್ನ ಹೂಂ ನನಗೆ ಗೊತ್ತು. ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಬರುತ್ತಿದೆ ಎಂದರೆ ಕಣ್ಣು ಕೆಟ್ಟಿದೆ ಎಂದೇ ಅರ್ಥ, ಹೋಗಿ ತೋರಿಸು.

ನನ್ನ ವಿಷಯ ಕೇಳಬೇಡ ಅಕ್ಕಾ, ನಾನೇ ಹೇಳಿಬಿಡುತ್ತೇನೆ. ಮದುವೆಯಾಗಿ ಇಪ್ಪತ್ತಮೂರು ದಿನ ಆಯಿತು. ಎರಡೇ ಕೋಣೆಯ ಮನೆ, ಆದರೆ ನನಗೆ ಅರಮನೆ! ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬಚ್ಚಲಿನ ನಲ್ಲಿ ಕೆಮ್ಮುತ್ತದೆ. ಕಿಟಕಿಯಿಂದ ಎದುರಿನ ಚಪ್ಪಲಿ ಅಂಗಡಿಯ ಬೋರ್ಡಿನ ಅರ್ಧ ಮಾತ್ರ ಕಾಣುತ್ತದೆ. ಇವರು ಟವೆಲ್ಲನ್ನು ಮೂರು ಮಡಿಕೆ ಮಾಡುತ್ತಾರೆ, ನಾನು ನಾಲ್ಕು; ನಮ್ಮ ಮೊದಲ ಮಹಾಯುದ್ಧ ನಡೆದದ್ದು ಅದರ ಮೇಲೆಯೇ. ಕೊನೆಗೆ ಮಡಚುವುದೇ ಬೇಡವೆಂದು ಒಪ್ಪಂದವಾಗಿ ಟವೆಲ್ಲುಗಳೆಲ್ಲ ಈಗ ಕುರ್ಚಿಯ ಮೇಲೆ ಸುಖವಾಗಿ ಬಿದ್ದುಕೊಂಡಿವೆ. ನಾನು ಸುಮ್ಮಸುಮ್ಮನೆ ನಗುತ್ತಿರುತ್ತೇನೆ. ಕೆಳಗಿನ ಮನೆಯ ಅಜ್ಜಿ ನೋಡಿ, “ಏನಮ್ಮಾ, ಸಿಕ್ಕಿದ್ದು ಗಂಡನೋ ನಿಧಿಯೋ?” ಎಂದರು.

ಇವರ ಹೆಸರೆತ್ತಿದ ಕೂಡಲೇ ನೀನು ಕಾಗದ ಮಡಚಿಟ್ಟಿರುತ್ತೀಯ. ಮಡಚಬೇಡ, ನನ್ನಾಣೆ. “ಆ ಪಟ್ಟಿ ಮನುಷ್ಯ ಇರೋ ಮನೆಗೆ ನಾನು ಕಾಲಿಡಲ್ಲ. ನೀನು ಸುಖವಾಗಿರು, ನನ್ನನ್ನ ಕರೀಬೇಡ” ಎಂದು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮದುವೆಯ ದಿನ ರಿಜಿಸ್ಟರಿನಲ್ಲಿ ನನ್ನ ಕಡೆಯ ಸಾಕ್ಷಿಯಾಗಿ ನೀನು ಸಹಿ ಹಾಕಬೇಕಿತ್ತು. ನಿನಗಾಗಿ ಮುಕ್ಕಾಲು ಗಂಟೆ ಕಾದೆವು. ಗುಮಾಸ್ತ ಗಡಿಯಾರ ನೋಡಿ, ನನ್ನ ಮುಖ ನೋಡಿ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಕಡೆಗೆ ನಮ್ಮ ಚಿತ್ರಪ್ರೇಮಿಗಳ ಸಂಘದ ಹಲ್ಲಿನ ಡಾಕ್ಟರು ಸಹಿ ಹಾಕಿದರು. ನನ್ನ ಮದುವೆಗೆ ಸಾಕ್ಷಿ ಯಾರೆಂದು ನಾಳೆ ನನ್ನ ಮಕ್ಕಳು ಕೇಳಿದರೆ, ನನ್ನ ದವಡೆಹಲ್ಲು ಕಿತ್ತವರು ಎನ್ನಬೇಕು.

ನಿನ್ನೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆವು. ನಾವು ಚಿಕ್ಕಂದಿನಿಂದ ನೋಡುತ್ತಾ ಬಂದ ಆ ಆಕಾಶನೌಕೆಯ ಸರಣಿಯ ಹೊಸ ಚಿತ್ರ. ಅಕ್ಕಾ, ಕ್ಯಾಪ್ಟನ್ ಹೆಂಗಸು! ಕಪ್ಪು ಹೆಂಗಸು! ನಿನ್ನ ಬಣ್ಣ, ನಿನ್ನ ಹಾಗೆಯೇ ಅಗಲ ಭುಜ, ಮಾತಾಡುವ ಮುಂಚೆ ತೋಳಿನ ತುದಿ ಎಳೆದುಕೊಳ್ಳುವುದೂ ನಿನ್ನ ಹಾಗೆಯೇ. ಚಿತ್ರದಲ್ಲಿ ಯಾರೂ ಅದನ್ನೊಂದು ವಿಷಯ ಮಾಡುವುದಿಲ್ಲ. ಅವಳು ಬಂದು ಕುರ್ಚಿಯಲ್ಲಿ ಕೂರುತ್ತಾಳೆ, ಎಂಜಿನ್ನಿನ ಲೆಕ್ಕ ಕೇಳುತ್ತಾಳೆ, ಅಷ್ಟೇ. ನಾನು ಆ ಕುರ್ಚಿಯ ದೃಶ್ಯದಲ್ಲೇ ಅಳಲು ಶುರು ಮಾಡಿದೆ. ಇನ್ನೂ ಯಾರೂ ಸತ್ತೇ ಇಲ್ಲವಲ್ಲ ಎಂದು ಇವರಿಗೆ ಗಾಬರಿ. ಪಕ್ಕದ ಸೀಟು ಖಾಲಿಯಿತ್ತು. ನೀನು ಇರಬೇಕಾಗಿದ್ದ ಜಾಗ ಎಂದುಕೊಂಡು ಅದರ ಮೇಲೆ ನನ್ನ ಚೀಲವನ್ನೂ ಇಡಲಿಲ್ಲ.

ನಮ್ಮ ಸಂಘದವರ ಗಲಾಟೆ ಕೇಳಬೇಕು ನೀನು. ಸಂಘದ ಕೋಣೆಯ ಸೂಚನಾ ಫಲಕದಲ್ಲಿ ಚೀಟಿ ಅಂಟಿಸಲು ಈಗ ಜಾಗವಿಲ್ಲ. ಬಣ್ಣದಂಗಡಿ ಮಾವ ಎರಡು ಹಾಳೆ ತುಂಬ ಬರೆದು ಅಂಟಿಸಿದ್ದಾರೆ: ಇದು ನಮ್ಮ ಬಾಲ್ಯಕ್ಕೆ ಮಾಡಿದ ದ್ರೋಹ, ಕ್ಯಾಪ್ಟನ್ ಎಂದರೆ ಹೀಗಿರಬೇಕು, ಹಾಗಿರಬೇಕು, ಇತ್ಯಾದಿ. “ನಂಬೋಕಾಗಲ್ಲ ರೀ, ನೈಜತೆ ಬೇಡವಾ?” ಎಂದು ಎಲ್ಲರೆದುರು ಕೂಗಾಡಿದರಂತೆ. ಆಗ ಹಲ್ಲಿನ ಡಾಕ್ಟರು, “ಮೂರು ತಲೆಯವನು ಅಡುಗೆಯವನಾದ, ನೀವು ನಂಬಿದ್ರಿ. ಹಸಿರು ಮೈಯವನು ವಕೀಲನಾದ, ಅದನ್ನೂ ನಂಬಿದ್ರಿ. ಈಯಮ್ಮ ಕುರ್ಚಿ ಮೇಲೆ ಕೂತ್ರೆ ಮಾತ್ರ ನಿಮಗೆ ನಂಬಿಕೆ ಬರಲ್ವಾ?” ಎಂದರಂತೆ. ಎಲ್ಲರೂ ನಕ್ಕರಂತೆ. ಬುಧವಾರ ಇವರು ಮನೆಗೆ ಬಂದು ಹೇಳಿದಾಗ ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ನಿಂತವಳು ಒಂದೇ ತಟ್ಟೆಯನ್ನು ಮೂರು ಸಲ ತೊಳೆದೆ. ಆ ಮಾವನಿಗೆ ನಂಬಿಕೆ ಬರುವುದಿಲ್ಲ, ಸರಿ. ನನಗೆ ಬರುತ್ತಿತ್ತೇ?

ನಮ್ಮ ಆಟ ನೆನಪಿದೆಯಾ? ಅಮ್ಮನ ಮಂಚವೇ ನೌಕೆ, ಹೊಲಿಗೆ ಯಂತ್ರದ ಚಕ್ರವೇ ಚುಕ್ಕಾಣಿ. ನೀನು ನನಗಿಂತ ಐದು ವರ್ಷ ದೊಡ್ಡವಳು, ಆದರೂ ಕ್ಯಾಪ್ಟನ್ ಯಾವಾಗಲೂ ನಾನೇ. “ನಾನು ಬೆಳ್ಳಗಿದ್ದೀನಿ, ನೀನು ಬೇರೆ ಗ್ರಹದವಳು” ಎಂದು ನಾನೇ ಕಾನೂನು ಮಾಡಿದ್ದೆ. ಚಿತ್ರಗಳಲ್ಲಿ ಹಾಗೇ ಇತ್ತಲ್ಲ! ಬೆಳ್ಳಗಿನ ಎತ್ತರದ ಗಂಡಸು ನೌಕೆ ಓಡಿಸುತ್ತಾನೆ, ಬೆಳ್ಳಗಿನ ಹೆಂಗಸು ಕಾರಿಡಾರಿನಲ್ಲಿ ಕಿರುಚುತ್ತಾಳೆ, ಕಪ್ಪು ಬಣ್ಣದವನು ಒಬ್ಬನೇ ಇರುತ್ತಾನೆ ಮತ್ತು ಮಧ್ಯಂತರಕ್ಕೆ ಮುಂಚೆ ಸಾಯುತ್ತಾನೆ. ಮೊದಲು ಸಾಯುವವರು ಯಾರು ಎಂದು ನಾವು ಪಂಥ ಕಟ್ಟುತ್ತಿದ್ದೆವು, ಪ್ರತಿ ಸಲ ನೀನೇ ಗೆಲ್ಲುತ್ತಿದ್ದೆ. ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, “ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡು” ಎನ್ನುತ್ತಿದ್ದೆ. ನಾನು ಅದನ್ನು ನಿನ್ನ ಜಾಣತನ ಎಂದುಕೊಂಡಿದ್ದೆ. ನೀನು ಸೊಂಟ ಬಗ್ಗಿಸಿ, ಒಂದು ಕೈಯನ್ನು ಮೂರನೆಯ ಕಾಲು ಮಾಡಿಕೊಂಡು ಮಂಚದ ಸುತ್ತ ಕುಂಟುತ್ತಿದ್ದರೆ ನನಗೆ ನಕ್ಕೂ ನಕ್ಕೂ ಹೊಟ್ಟೆನೋವು. ಒಂದೇ ಒಂದು ಸಲ, “ಇವತ್ತು ನಾನು ಚಕ್ರ ಹಿಡೀಲಾ?” ಎಂದು ನೀನು ಕೇಳಿದ್ದೆ. ನಾನು ರಂಪ ಮಾಡಿದೆ. ಅತ್ತೆ ಒಳಗಿನಿಂದಲೇ, “ಬಿಡೇ, ದೊಡ್ಡವಳಿಗೆ ಕೈಗುಣ, ಚಿಕ್ಕವಳಿಗೆ ಬಣ್ಣ, ದೇವರು ಹಂಚಿಯೇ ಕಳಿಸಿದ್ದಾನೆ” ಎಂದರು. ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು. ನೀನು ಮತ್ತೆ ಕುಂಟಲು ಶುರು ಮಾಡಿದೆ.

ಅದಕ್ಕೇ ಹೋದ ವರ್ಷ ಸಂಘದ ವೇಷದ ದಿನಕ್ಕೆ ನೀನು ಕ್ಯಾಪ್ಟನ್ ಕೋಟು ಹೊಲಿಯುತ್ತೇನೆ ಎಂದಾಗ, “ನಿನಗಾ?” ಎಂದು ಕೇಳಿಬಿಟ್ಟೆ. “ಮತ್ತೆ, ಗೋಡೆಗಾ?” ಎಂದೆ ನೀನು. ಹನ್ನೊಂದು ಭಾನುವಾರ ಕೂತು ಹೊಲಿದೆ. ಬೂದು ನೀಲಿ ಉಣ್ಣೆ, ಒಳಗೆ ಬೆಳ್ಳಿಬಣ್ಣದ ಅಸ್ತರು, ಕಾಲರಿಗೆ ಕೈಯಿಂದಲೇ ಕ್ಯಾನ್ವಾಸ್ ಕೂಡಿಸಿದೆ. ಭುಜ ಸರಿಯಾಗಿ ಕೂರಲಿಲ್ಲವೆಂದು ಎಡತೋಳನ್ನು ಮೂರು ಸಲ ಬಿಚ್ಚಿದೆ. ಮುಗಿದ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆಯಲ್ಲ, ಆಗ ನಿನ್ನ ಬೆನ್ನು ಅಷ್ಟು ನೆಟ್ಟಗಿರಬಲ್ಲದು ಎಂದು ನನಗೆ ಮೊದಲ ಬಾರಿ ಗೊತ್ತಾಯಿತು.

ಆಮೇಲಿನದು ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ನಾನು ಎಲ್ಲಿ ಕೂತಿದ್ದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದೆ. ಕ್ಯಾಪ್ಟನ್‌ಗಳನ್ನೆಲ್ಲ ಕರೆದು ಮುಗಿಯಿತು, ನಿನ್ನನ್ನು ಕರೆಯಲಿಲ್ಲ. ನೀನು ಪರದೆಯ ಪಕ್ಕ ಗುಂಡಿ ಸರಿಮಾಡಿಕೊಳ್ಳುತ್ತಾ ಕಾಯುತ್ತಿದ್ದೆ. ಆಮೇಲೆ, “ಈಗ ಬೇರೆ ಗ್ರಹದವರು!” ಎಂದು ಮೈಕಿನಲ್ಲಿ ಕೂಗಿ ನಿನ್ನ ಹೆಸರು ಕರೆದರು. ಕೋಡಿನವನು, ಬಾಲದವನು, ಮೈಗೆಲ್ಲ ಹಸಿರು ಬಳಿದುಕೊಂಡ ಇಬ್ಬರು, ಅವರ ನಡುವೆ ಕತ್ತಿನ ತನಕ ಗುಂಡಿ ಹಾಕಿಕೊಂಡ ನೀನು. ತೀರ್ಪುಗಾರರಾಗಿದ್ದ ಬಣ್ಣದಂಗಡಿ ಮಾವ ನಿನ್ನ ಹತ್ತಿರ ಬಂದು ಕೆನ್ನೆಯನ್ನು ಒಂದು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿ, “ನೋಡಿ, ನೋಡಿ, ಬಣ್ಣ ಕೈಗೆ ಅಂಟೋದೇ ಇಲ್ಲ!” ಎಂದರು. ಸಭೆಯೆಲ್ಲ ನಕ್ಕಿತು. ಮೊದಲ ಬಹುಮಾನವನ್ನೂ ನಿನಗೇ ಕೊಟ್ಟರು.

ನಾನೂ ನಕ್ಕೆ ಅಕ್ಕಾ. ಸುತ್ತ ಎಲ್ಲರೂ ನಗುವಾಗ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ನೀನು ಸಭೆಯ ಕಡೆ ತಿರುಗಿದೆ. ನೋಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿಲ್ಲ ಎಂದುಕೊಂಡೇ ಒಂದು ವರ್ಷ ಕಳೆದೆ.

ವೇದಿಕೆ ಇಳಿದು ಬಂದು ನೀನು ಕೇಳಿದ್ದು ಒಂದೇ ಪ್ರಶ್ನೆ: “ಅರ್ಜೀಲಿ ಏನಂತ ಬರೆದುಕೊಟ್ಟೆ?” ಸ್ಪರ್ಧೆಯ ಅರ್ಜಿಯನ್ನು ನಿನ್ನ ಪರವಾಗಿ ತುಂಬಿಕೊಟ್ಟಿದ್ದ ನಾನು, “ಕ್ಯಾಪ್ಟನ್ ಅಂತಲೇ” ಎಂದೆ. ಆಗ ನೀನು ಸಂಘದ ಕಾರ್ಯದರ್ಶಿಯಾಗಿದ್ದ ಇವರ ಮೇಜಿನ ಮುಂದೆ ಹೋಗಿ ನಿಂತೆ. ಇವರಿಗೆ ಆಗ ನಮ್ಮಿಬ್ಬರ ಪರಿಚಯವೂ ಸರಿಯಾಗಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಅರ್ಜಿ ಹುಡುಕಿದರು, ಸಿಗಲಿಲ್ಲ. “ಪಟ್ಟಿ ಮಾಡಿದ್ದು ನಾನು. ತಪ್ಪು ನನ್ನದೇ ಇರಬೇಕು, ಕ್ಷಮಿಸಿ” ಎಂದರು. ನೀನು ಬಹುಮಾನವನ್ನು ಆ ಮೇಜಿನ ಮೇಲಿಟ್ಟು, “ಕಣ್ಣಿಗೆ ಕಂಡಿದ್ದನ್ನೇ ಬರೆದಿದ್ದೀರಿ, ತಪ್ಪೇನಿದೆ?” ಎಂದು ಪಕ್ಕದ ಬಾಗಿಲಿನಿಂದ ಹೊರಟೆ. ಎರಡು ತಿಂಗಳಿಗೆ ಆ ದೂರದ ಕಾರ್ಖಾನೆಯ ಕೆಲಸ ಹಿಡಿದೆ. ಚಿತ್ರ ನೋಡುವುದನ್ನೇ ಬಿಟ್ಟೆಯಂತೆ, ಅಮ್ಮ ಹೇಳಿದಳು. ಕೋಟು ಎಲ್ಲಿದೆ ಎಂದು ಕೇಳಲು ನನಗೆ ಧೈರ್ಯವಿಲ್ಲ.

ಮಾರನೆಯ ವಾರ ನಾನು ಸಂಘದ ಕೋಣೆಗೆ ಹೋಗಿ ಇವರನ್ನು ಕಂಡೆ. ನಿನ್ನ ಪರವಾಗಿ ಜಗಳವಾಡಲು ಹೋದೆ ಎಂದು ಅಮ್ಮನಿಗೆ ಹೇಳಿದ್ದೆ. ಜಗಳಕ್ಕೆ ಹೋದವಳು ಮದುವೆ ಮಾಡಿಕೊಂಡು ಬಂದಳು ಎಂದು ಅಮ್ಮ ಈಗಲೂ ಊರಿಗೆಲ್ಲ ಸಾರುತ್ತಾಳೆ. ಇವರು ನನ್ನ ಕೂಗಾಟವನ್ನೆಲ್ಲ ಕೇಳಿ, ಒಂದು ಲೋಟ ನೀರು ಕೊಟ್ಟು, ನಿನಗೆ ಕಾಗದ ಬರೆಯಲು ವಿಳಾಸ ಕೇಳಿದರು. ಮೂರು ಕಾಗದ ಬರೆದರು, ನೀನು ಒಡೆಯದೆ ಹಿಂದಕ್ಕೆ ಕಳಿಸಿದೆ. ಬಣ್ಣದಂಗಡಿ ಮಾವನನ್ನು ತೀರ್ಪುಗಾರರ ಜಾಗದಿಂದ ತೆಗೆಸಲು ಒಬ್ಬರೇ ಸಭೆಯಲ್ಲಿ ವಾದ ಮಾಡಿ ಸೋತರು. ಇಂಥವರನ್ನು ಹೇಗೆ ಪ್ರೀತಿಸದೆ ಇರಲಿ ಹೇಳು? ಅಮ್ಮನಿಗೂ ಇವರೆಂದರೆ ಜೀವ, ಆದರೆ ನಿನ್ನ ಹೆಸರು ಬಂದ ಕೂಡಲೇ ಇವರು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ. ತನ್ನಿಂದ ಒಂದು ಮನೆ ಒಡೆಯಿತು ಎಂಬುದು ಅವರ ಕೊರಗು.

ಅಮ್ಮ ಬರುವ ತಿಂಗಳು ನಮ್ಮಲ್ಲಿಗೆ ಬರುತ್ತಿದ್ದಾಳೆ. ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೋ, ಒಣ ಜಂಬ ಬೇಡ. ಇವರು, “ಬೇಡ ಅಂದರೂ ನನ್ನ ನಮಸ್ಕಾರ ತಿಳಿಸು” ಎಂದಿದ್ದಾರೆ, ತಿಳಿಸಿದ್ದೇನೆ. ಚಿಕ್ಕವಳ ನಮಸ್ಕಾರವನ್ನಂತೂ ನೀನು ಹಿಂದಕ್ಕೆ ಕಳಿಸುವ ಹಾಗಿಲ್ಲ. ನಮ್ಮನ್ನು ಹರಸು, ಸಾಧ್ಯವಾದರೆ ಇಬ್ಬರನ್ನೂ.

ಎಂದೆಂದಿಗೂ ನಿನ್ನವಳೇ ಆದ,
ಗಿಣಿ

ವಿ.ಸೂ.: ಇವರು ಅಂಚೆಗೆ ಹಾಕಲು ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅರ್ಜಿ ಸಿಕ್ಕಿದೆ ಅಕ್ಕಾ. ಗುರುವಾರ ಬೆಳಗ್ಗೆ ಸಂಘದ ಹಳೆಯ ಕಾಗದಗಳ ಡಬ್ಬ ಖಾಲಿ ಮಾಡುವಾಗ ಇವರ ಕೈಗೇ ಸಿಕ್ಕಿತು. ಇದರ ಜೊತೆ ಇಟ್ಟಿದ್ದೇನೆ, ನೋಡು. ‘ಯಾವ ವಿಭಾಗ’ ಎಂಬುದರ ಮುಂದೆ ‘ಬೇರೆ ಗ್ರಹದವರು’ ಎಂದು ಬರೆದಿರುವುದು ನಾನು. ಪಟ್ಟಿಯಲ್ಲಿ ತಪ್ಪೇ ಇರಲಿಲ್ಲ. ಕ್ಯಾಪ್ಟನ್‌ಗಳು ಹತ್ತೊಂಬತ್ತು ಜನ, ಇಲ್ಲಿ ನಾಲ್ಕೇ ಜನ, ಸುಲಭವಾಗಿ ಗೆಲ್ಲುತ್ತೀಯ ಎಂದು ಬರೆದೆ, ಹೀಗೆಂದು ನನಗೆ ನಾನೇ ಒಂದು ವರ್ಷ ಹೇಳಿಕೊಂಡೆ. ಅದು ಸುಳ್ಳು. ನಿನ್ನ ಹೆಸರಿನ ಮುಂದೆ ಕ್ಯಾಪ್ಟನ್ ಎಂದು ಬರೆಯಲು ನನ್ನ ಕೈ ಬರಲಿಲ್ಲ, ಆ ಸಾಲಿನಲ್ಲಿ ನಿಂತ ನಿನ್ನನ್ನು ನೋಡಿ ಜನ ನಕ್ಕರೆ ನನಗೆ ನಾಚಿಕೆಯಾಗುತ್ತದೆ ಎಂದು. ಜಗಳಕ್ಕೆ ಹೋದೆನೆಂಬುದೂ ಸುಳ್ಳು, ಅರ್ಜಿ ಎಲ್ಲಾದರೂ ಸಿಕ್ಕಿತೇ ಎಂದು ನೋಡಲು ಹೋಗಿದ್ದೆ. ಇವರು ಅದನ್ನು ನನ್ನ ಮುಂದಿಟ್ಟು, “ಬೇರೆ ಯಾರಿಗೂ ಹೇಳಲ್ಲ. ಆದರೆ ಅವರಿಗೆ ನೀನೇ ಹೇಳಬೇಕು” ಎಂದರು, ಅಷ್ಟೇ. ಮೂರು ದಿನದಿಂದ ಊಟಕ್ಕೆ ಕೂತರೂ, ಮೊದಲೇ ತೆಗೆದಿಟ್ಟ ಟಿಕೆಟ್ಟಿಗೆ ನಿನ್ನೆ ಆಟಕ್ಕೆ ಹೋದರೂ ನಮ್ಮ ನಡುವೆ ಬೇಕಾದಷ್ಟೇ ಮಾತು. ಸಿಟ್ಟು ಬಿಡು ಎಂದು ಕೇಳುವುದಿಲ್ಲ. ಇವರ ಮೇಲಿರುವುದನ್ನು ತೆಗೆದು ನನ್ನ ಮೇಲೆ ಹಾಕು, ಪೂರ್ತಿ ಹಾಕು. ಉತ್ತರವನ್ನೂ ನನಗೆ ಬರೆಯಬೇಡ. ಇವರಿಗೆ ಒಂದು ಸಾಲು ಬರೆ, ಸಾಕು.