ಒಂದೇ ಗೂಟಕ್ಕೆ ಎರಡು ಕೈ

ಹುಮನಾಬಾದ
ರವಿವಾರ, ತಾ. 6 ಮಾರ್ಚ್ 1949

ನನ್ನ ಹಜಿರಾ ಬೀ ಅಕ್ಕನಿಗೆ ಮಾಣಿಕಮ್ಮನ ಶರಣು.

ನಾವಿಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ನೀನು ಹೇಗಿದ್ದೀ ಎಂದು ಕೇಳಲು ಹೆದರಿಕೆ. ಈ ಕಾಗದವನ್ನು ನಿನ್ನ ತಮ್ಮ ಬದ್ರುದ್ದೀನ್ ಓದಿ ಹೇಳುತ್ತಾರೆ, ಅವರು ಏನೆಂದುಕೊಳ್ಳುತ್ತಾರೋ ಎಂಬುದು ಇನ್ನೊಂದು ಹೆದರಿಕೆ. ವಿಳಾಸಕ್ಕೆ ಕಲ್ಯಾಣಿ ಊರಿನಲ್ಲಿ ಕಿಲ್ಲೆಯ ಹತ್ತಿರ ತಮ್ಮನ ಅರಿವೆ ಅಂಗಡಿ ಎಂದರೆ ಸಾಕು ಎಂದು ನೀನೇ ಹೇಳಿದ್ದೆ. ಅಂಥ ಅಂಗಡಿ ಅಲ್ಲಿ ಎಷ್ಟಿವೆಯೋ. ನಾನು ಅಯ್ಯನವರ ಸಾಲೆಗೆ ಹೋದದ್ದು ಎರಡೇ ವರ್ಷ, ಅದನ್ನೂ ನಡುವೆ ಬಿಡಿಸಿದರು. ತಪ್ಪಿದ್ದಲ್ಲಿ ತಮ್ಮನವರೇ ತಿದ್ದಿಕೊಂಡು ಓದಲಿ.

ಮೊದಲು ಮುಖ್ಯದ ಮಾತು. ಬೇಳೆ ಅಂಗಡಿಯಲ್ಲಿ ನಿನ್ನ ಜಾಗ ಇನ್ನೂ ಹೋಗಿಲ್ಲ. ಬುಧವಾರದವರೆಗೆ ಹೊಸಬರನ್ನು ಯಾರನ್ನೂ ಕೂಡಿಸುವುದಿಲ್ಲ ಎಂದು ಮುನೀಮ ಪಂಡರಿ ಹೇಳಿದ್ದಾನೆ.

ಈಗ ಹೇಳಲು ನಾಚಿಕೆಯಾಗುವ ಮಾತು. ನೀನು ಹೋದ ದಿನ ಶಕುಂತಲಾಬಾಯಿ ನಿನ್ನ ಮುಂದಿನ ಮೊರ ಎತ್ತಿ ಹಸನಾದ ಬೇಳೆಯನ್ನೆಲ್ಲ ಅಂಗಳಕ್ಕೆ ಸುರುವಿದಳಲ್ಲ. ಇವರ ಕೈಯ ಬೇಳೆ ಹಿಂದೂಗಳ ಮನೆಗೆ ಹೋಗಬಾರದು, ಪಾಕಿಸ್ತಾನ ಮಾಡಿಕೊಂಡಿದ್ದಾರೆ, ಅಲ್ಲೇ ಹೋಗಿ ಬೀಸಲಿ ಎಂದಳಲ್ಲ. ನೀನು ಕೂತು ಒಂದೊಂದು ಕಾಳನ್ನೂ ಬಳಿದು ಮೊರಕ್ಕೆ ತುಂಬಿ, ಮೊರವನ್ನು ಪಂಡರಿಯ ಮುಂದಿಟ್ಟು ಹೋದೆ. ನಾವು ಏಳು ಮಂದಿ ಹೆಂಗಸರು ಕೂತೇ ಇದ್ದೆವು. ನಾನೂ ಎದ್ದು ನಿನ್ನ ಜೊತೆ ಒಂದು ಕಾಳು ಬಳಿಯಲಿಲ್ಲ.

ಮರುದಿನ ಪಂಡರಿ ನನ್ನ ಕಲ್ಲಿಗೆ ಬೇರೆ ಜೋಡಿ ಹುಡುಕಿದ. ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು, ಹಜಿರಾಗೆ ಆದದ್ದು ಅನ್ಯಾಯ ಎಂದು. ನಾನು ಹೇಳಿದ್ದು ಬೇರೆ. ಹಜಿರಾ ಎಡಗೈಯವಳು, ನಾಲ್ಕು ವರ್ಷ ಆಕೆಯ ಎದುರು ಕೂತು ನನ್ನ ಕೈ ಅದಕ್ಕೇ ಹೊಂದಿಕೊಂಡಿದೆ, ಬಲಗೈಯವರು ಕೂತರೆ ಕಲ್ಲು ಎಳೆದಾಡುತ್ತದೆ, ಬೇಳೆ ಒಡೆದು ನುಚ್ಚಾಗುತ್ತದೆ ಎಂದೆ. ಜಾಣತನ ಮಾಡಿದೆನೆಂದುಕೊಂಡೆ. ಕೇರುತ್ತಿದ್ದ ಶಕುಂತಲಾಬಾಯಿ ಮೊರ ಕೆಳಗಿಟ್ಟು, ಅಷ್ಟೇ ತಾನೆ, ತನಗೂ ಎಡಗೈ ರೂಢಿ ಇದೆ ಎಂದು ಬಂದು ನಿನ್ನ ಜಾಗದಲ್ಲಿ ಕೂತುಬಿಟ್ಟಳು.

ಅಂದಿನಿಂದ ನನ್ನ ಪಾಡು ಕೇಳಬೇಡ. ಬೇರೆ ಕೆಲಸವಾದರೆ ಎದ್ದು ದೂರ ಹೋಗಬಹುದು. ಬೀಸುವ ಕಲ್ಲಿನಲ್ಲಿ ಎಲ್ಲಿಗೆ ಹೋಗಲಿ? ಮೊಳಕಾಲಿಗೆ ಮೊಳಕಾಲು ತಾಗಿಸಿ, ಒಂದೇ ಗೂಟದ ಮೇಲೆ ಆಕೆಯ ಕೈ ಕೆಳಗೆ, ನನ್ನ ಕೈ ಮೇಲೆ. ಆಕೆಯ ಬೆವರು ನನ್ನ ಬೆರಳಿಗೆ ಬರುತ್ತದೆ. ಆಕೆ ಮಾತಾಡುತ್ತಲೇ ಇರುತ್ತಾಳೆ. ನಿಮ್ಮ ಓಣಿಯ ಖಾಲಿ ಮನೆಗಳನ್ನು ಎಣಿಸಿ ಹೇಳುತ್ತಾಳೆ. ಯಾರ ಅಂಗಡಿಯಲ್ಲಿ ಏನೂ ಕೊಳ್ಳಬಾರದು ಎಂದು ಹೇಳಿಕೊಡುತ್ತಾಳೆ. ಕಲ್ಲು ತಿರುಗುತ್ತಿರುವಾಗ ನಾನು ತಲೆಯಾಡಿಸಿದ ಹಾಗೆಯೇ ಕಾಣುತ್ತದೆ, ಅಕ್ಕಾ. ಬೀಸುವಾಗ ಎಲ್ಲರ ತಲೆಯೂ ಆಡುತ್ತದೆ.

ಆಕೆ ಕೆಟ್ಟ ಹೆಂಗಸು ಎಂದು ಬರೆದುಬಿಟ್ಟರೆ ನನಗೆ ಸುಲಭ. ಆದರೆ ನಾನು ಬಾಣಂತಿಯಾಗಿ ಜ್ವರ ಹಿಡಿದು ಮಲಗಿದ್ದಾಗ ಹನ್ನೆರಡು ದಿನ ಗಂಜಿ ತಂದು ಕುಡಿಸಿದವಳು ಆಕೆಯೇ. ಆಕೆಯ ಅಣ್ಣ ರಜಾಕಾರರ ಗದ್ದಲದಲ್ಲಿ ಬಂಡಿ ಕಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ಆ ಅಣ್ಣನ ಮಗನಿಗೇ ನನ್ನ ಸುಮನಳನ್ನು ಕೊಡುವ ಮಾತಾಗಿದೆ, ರಾಜೇಶ್ವರ ಊರಿನ ಮನೆಗೆ. ಇದು ನಿನಗೆ ಗೊತ್ತಿದ್ದದ್ದೇ.

ಮೊನ್ನೆ ಗುರುವಾರ ಆಕೆ ನಿನ್ನ ಗಂಡ ಮೊಹಿನುದ್ದೀನನ ಹೆಸರು ತೆಗೆದಳು. ಪೊಲೀಸ್ ಆಕ್ಷನ್ನಿನ ವಾರದಲ್ಲಿ ಕಾಣೆಯಾದವನು ಏನೋ ಮಾಡಿಯೇ ಓಡಿರಬೇಕು, ಸುಮ್ಮನೆ ಯಾರು ಓಡುತ್ತಾರೆ ಎಂದಳು. ಅಕ್ಕಾ, ನಾನು ಗೂಟ ಬಿಟ್ಟುಬಿಟ್ಟೆ. ಧೈರ್ಯ ಮಾಡಿ ಬಿಟ್ಟದ್ದಲ್ಲ, ಕೈ ತಾನಾಗಿ ಬಿಟ್ಟಿತು. ಆಕೆಯೊಬ್ಬಳೇ ಎಳೆದದ್ದರಿಂದ ಮೇಲಿನ ಕಲ್ಲು ವಾರೆಯಾಗಿ ನಿಂತಿತು. ಒಂದು ಕಲ್ಲು ನಿಂತರೆ ಅಂಗಳದಲ್ಲಿ ಎಲ್ಲರ ಕೈ ನಿಲ್ಲುತ್ತದೆ, ನಿಂತಿತು.

“ಮೊಹಿನುದ್ದೀನ ನಿಮ್ಮಣ್ಣಗ ಏನ್ ಮಾಡ್ಯಾನ್ರಿ ಬಾಯಾರ?” ಎಂದೆ.

“ಅಂವ ಮಾಡಿಲ್ಲ. ಅವನಂಥಾವ್ರು ಮಾಡ್ಯಾರ.”

“ಅವನಂಥಾವ್ರಂದ್ರ ಯಾರ್ರಿ? ಅಂವ ಬಂಡಿ ಗಾಲಿಗೆ ಹಳಿ ಬಡಿಯಾಂವ. ನಿಮ್ಮಣ್ಣನ ಬಂಡಿಗೂ ಅವನ ಬಡದಾನ.”

ಆಕೆ ಎಲ್ಲರಿಗೂ ಕೇಳುವ ಹಾಗೆ, “ಭಾಳ ಸಂಕಟ ಆಗಾಕತ್ತದೇನವ್ವಾ? ಬುರ್ಖಾ ಹೊಲಿಸಿ ಕೊಡ್ತೇನಿ, ಹಾಕ್ಕೊಂಡು ಅಕಿ ಬೆನ್ನ ಹತ್ತು” ಎಂದಳು. ಎಲ್ಲರೂ ನಕ್ಕರು. ನಗುವಿನಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಬೈಯುವುದಿದ್ದರೆ ಮಾಡಿದವರನ್ನು ಬೈಯಿರಿ, ಹಜಿರಾ ಇಲ್ಲಿ ಬೇಳೆ ಬೀಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಎಂದೆ. ಮಾಡಿದವರು ಯಾರೆಂದು ತನಗೆ ಯಾರೂ ಹೇಳಲಿಲ್ಲ, ಅಣ್ಣನನ್ನು ಸುಟ್ಟ ಬೂದಿ ಕೂಡ ತನಗೆ ಸಿಗಲಿಲ್ಲ ಎಂದು ಆಕೆ ಸೆರಗು ಕಣ್ಣಿಗೊತ್ತಿಕೊಂಡಳು. ಆಗ ನನ್ನೊಬ್ಬಳಿಗೇ ಕೇಳುವ ಹಾಗೆ ಬಾಗಿ ಅಂದಳು.

“ಸುಮನಗ ಸೀರಿ ತರೂದು ಯಾವಾಗ ಅಂತ ರಾಜೇಶ್ವರದವ್ರು ಕೇಳಾಕತ್ತಾರ. ಏನ್ ಹೇಳಲಿ?”

ನಾನು ಮತ್ತೆ ಗೂಟ ಹಿಡಿದೆ.

ಶುಕ್ರವಾರ ಪಂಡರಿ ನನ್ನನ್ನು ಚೀಲಗಳ ಹಿಂದೆ ಕರೆದ. ಅವನಿಗೆ ನ್ಯಾಯ ಅನ್ಯಾಯ ಬೇಕಿಲ್ಲ. ಶಕುಂತಲಾಬಾಯಿ ಕಲ್ಲಿಗೆ ಕೂತ ಮೇಲೆ ಕೇರುವವರಿಲ್ಲದೆ ಬೇಳೆಯಲ್ಲಿ ಹೊಟ್ಟು ಉಳಿಯುತ್ತಿದೆ, ಸಾಹುಕಾರರು ಬೈದಿದ್ದಾರೆ. ಹಜಿರಾ ಬರಬಹುದು, ಆದರೆ ಜಗಳವಾದರೆ ತಾನು ನಡುವೆ ಬರುವುದಿಲ್ಲ ಎಂದ. “ನೀ ಎಲ್ಲಾರ ಮುಂದ, ನನ್ನ ಜೋಡಿ ಹಜಿರಾನ ಅಂತ ಒಂದ್ ಮಾತು ಹೇಳು. ನಾ ಕೂಡಸ್ತೇನಿ” ಎಂದ. ಬುಧವಾರ ಕೇಳುತ್ತಾನಂತೆ. ಮೂರು ಶಬ್ದ. ಮನೆಯಲ್ಲಿ ಒಲೆಯ ಮುಂದೆ ಹೇಳಿ ನೋಡಿದ್ದೇನೆ, ಬರುತ್ತದೆ.

ಸುಮನಳ ಅಪ್ಪನಿಗೆ ಇದೊಂದೂ ಹೇಳಿಲ್ಲ. ಹೇಳಿದರೆ ಅಂಗಡಿಯ ಕೆಲಸವೇ ಬೇಡ, ಮನೆಯಲ್ಲಿ ಕೂಡು ಎನ್ನುತ್ತಾರೆ. ಸುಮನಳಿಗೂ ಹೇಳಿಲ್ಲ. ಅವಳು ಈಗಲೇ ರಾಜೇಶ್ವರದ ದಾರಿಯ ಬಂಡಿಗಳನ್ನು ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಾಳೆ.

ಆದರೂ ನಾನು ಹೇಳುತ್ತೇನೆ. ನೀನು ಹೊರಟು ಬಾ. ತಮ್ಮನ ಮನೆಯಲ್ಲಿ ಎಷ್ಟು ದಿನ ಅನ್ನಿಸಿಕೊಂಡು ಉಣ್ಣುತ್ತೀ? ಬದ್ರುದ್ದೀನ್ ಅವರೇ, ಸಿಟ್ಟಾಗಬೇಡಿ, ಹೆಂಗಸರ ಮನಸ್ಸು ಹೀಗೆ. ಮೋಟಾರಿನಿಂದ ಇಳಿದು ಮೊದಲು ನಮ್ಮ ಮನೆಗೆ ಬಾ, ಇಬ್ಬರೂ ಕೂಡಿಯೇ ಅಂಗಡಿಗೆ ಹೋಗೋಣ. ಒಬ್ಬಳೇ ಆ ಅಂಗಳಕ್ಕೆ ಕಾಲಿಡಬೇಡ.

ನಿನ್ನ ಕಲ್ಲಿನ ಜೋಡಿ,
ಮಾಣಿಕಮ್ಮ

ತಾ. ಕ.: ಇವತ್ತು ಗುರುವಾರ. ನಾಲ್ಕು ದಿನ ಈ ಕಾಗದವನ್ನು ಟಪಾಲಿಗೆ ಹಾಕಲಾರದೆ ಇಟ್ಟುಕೊಂಡಿದ್ದೆ. ನಿನ್ನೆ ಪಂಡರಿ ಎಲ್ಲರ ಮುಂದೆ ಕೇಳಿದ. ಶಕುಂತಲಾಬಾಯಿ ನನ್ನ ಎದುರಿಗೇ ಇದ್ದಳು. ನಾನು, “ಹಜಿರಾ ಬರಾಂಗಿಲ್ಲಂತ್ರಿ. ಹೇಳಿ ಕಳಿಸ್ಯಾಳ” ಎಂದೆ. ನೀನು ಏನೂ ಹೇಳಿ ಕಳಿಸಿಲ್ಲ. ಅದು ನನ್ನ ಸುಳ್ಳು. ಸೋಮವಾರದಿಂದ ಹಳ್ಳಿಖೇಡದ ಯಾರೋ ಧೂಳಮ್ಮ ಎಂಬವಳನ್ನು ಕೂಡಿಸುತ್ತಾರೆ. ತಮ್ಮನವರೇ, ಇದನ್ನೂ ಓದಿ ಹೇಳಿರಿ, ಬಿಡಬೇಡಿರಿ. ಅಕ್ಕಾ, ಸೋಮವಾರದೊಳಗೆ ಬಾ. ನನ್ನ ಮನೆಗೆ ಬರಬೇಡ, ನೆಟ್ಟಗೆ ಅಂಗಡಿಗೆ ಹೋಗು. “ಬರಾಂಗಿಲ್ಲಂತ ನಾ ಯಾವಾಗ ಹೇಳಿ ಕಳಿಸೇನಿ?” ಎಂದು ಎಲ್ಲರ ಮುಂದೆ ನನ್ನನ್ನು ಕೇಳು. ನೀನು ಕಣ್ಣೆದುರು ನಿಂತು ಕೇಳಿದರೆ ನನಗೆ ಸುಳ್ಳು ಹೇಳಲಾಗುವುದಿಲ್ಲ. ಆಗುವುದಿಲ್ಲ ಎಂದೇ ಅಂದುಕೊಂಡಿದ್ದೇನೆ.