ಆನ್ನಾ ಹೋದ ಹಾದಿಯ ಫೋಟೋಗಳು

ಡ್ಯೂಸೆಲ್‌ಡಾರ್ಫ್,
೯ ನವೆಂಬರ್ ೨೦೦೩, ರವಿವಾರ

ನನ್ನ ಪ್ರೀತಿಯ ಅವ್ವಗ,
ಭೂಮಿಕಾಳ ಶರಣು.

ಈ ಕಡೆ ಎಲ್ಲಾ ಕ್ಷೇಮ ಅಂತ ಬರದು ಎರಡು ಹಾಳಿ ಹರದು ಹಾಕೀನಿ. ಇದು ಮೂರನೇದು. ಇದರಾಗ ಆ ಮಾತು ಬರಿಯೂದಿಲ್ಲ.

ನಿನ್ನ ಪತ್ರ ಸೋಮವಾರ ಮುಟ್ಟಿತು. ತಂಗಿ ಪವಿ ಫೋಟೋ ಅಲ್ಲೇ ಜರ್ಮನಿಯ ಅಬ್‌ಸ್ಟಾಟ್ ಊರಾಗ ಗ್ರೀನ್ ಕಾರ್ಡ್ ಮ್ಯಾಲ ಕೆಲಸಕ್ಕಿರೂ ಹುಡುಗಗ ಕಳಿಸೀವಿ, ಅಂವ ನೋಡಿ ಹೂಂ ಅಂದಾನ, ನೀ ಮತ್ತ ಅಳಿಯಂದ್ರು ಒಮ್ಮೆ ಹೋಗಿ ಮನಿ, ಕೆಲಸ ಎಲ್ಲಾ ನೋಡಿ ಬರ್ರಿ ಅಂತ ಬರದೀದಿ. ಅದರ ಕೆಳಗ, ಈ ಸಲ ಯಾವ ಅರಮನಿ ನೋಡಿದ್ರಿ, ಫೋಟೋ ಕಳಸು, ಪಡಸಾಲಿ ಗ್ವಾಡಿ ಮ್ಯಾಲ ಇನ್ನೂ ಒಂದಕ್ಕ ಜಾಗಾ ಅದ ಅಂತ. ಮೊದಲು ಅರಮನಿ ಸುದ್ದಿ ಹೇಳ್ತೀನಿ. ಕಾಲೇಜಿನಾಗ ಇತಿಹಾಸ ಕಲಿಸಿದಾಕಿ ನಾ, ಎಲ್ಲಾದನ್ನೂ ಐನೂರು ವರ್ಷ ಹಿಂದಿಂದ ಸುರು ಮಾಡೂದು ನನ್ನ ಚಟ. ಸುಮ್ನ ಓದು.

ನಾವು ಇಷ್ಟು ದಿನ ತಿರುಗಿದ್ದೆಲ್ಲಾ ಒಬ್ಬಾಕಿ ಹಾದಿ, ಅವ್ವ. ಆನ್ನಾ ಅಂತ, ಈ ಸೀಮಿ ದೊರಿ ಮಗಳು. ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಮೂರು ಮಂದಿ ಹೆಂಡರಾದ ಮ್ಯಾಲ ನಾಕನೇದಾಕಿ ಬೇಕಾಗಿದ್ಲು. ತಾ ಬರಲಿಲ್ಲ, ಚಿತ್ರಗಾರನ್ನ ಕಳಿಸಿದ. ಚಿತ್ರ ನೋಡಿ ಹೂಂ ಅಂದ. ನಿನ್ನ ಗ್ವಾಡಿ ಮ್ಯಾಲಿನ ಮೊದಲ ಫೋಟೋದಾಗಿನ ಗುಡ್ಡದ ಬುರ್ಗ್ ಅರಮನಿಯೊಳಗ ಅಕಿ ಬೆಳದ್ಲು ಅಂತಾರ. ಅಲ್ಲಿಗೆ ತಂತಿಗೆ ಜೋತ ತೂಗುಕುರ್ಚಿ ಮ್ಯಾಲ ಕೂತು ಏರಿದ್ವಿ, ನಾ ಅಂಜಿ ಇವರ ತೋಳು ಗಟ್ಟಿ ಹಿಡಕೊಂಡಿದ್ದೆ. ಎರಡನೇದು ಡ್ಯೂರೆನ್, ಚಿತ್ರ ಬರಿಸಿದ ಊರು. ಯುದ್ಧದಾಗ ನೆಲಸಮ ಆಗಿ ಹಳೇದೇನೂ ಉಳದಿಲ್ಲ, ಅದಕ್ಕ ಸ್ಟೇಶನ್ ಮುಂದ ನಿಂತೀವಿ. ಆಮ್ಯಾಲಿಂದು ಅಕಿ ಮನೆತನದ ಊರು ಕ್ಲೇವ, ಅಲ್ಲಿನ ಹಂಸದ ಗೋಪುರ.

ಅಕಿ ಹೊಂಟದ್ದೂ ನವೆಂಬರ್ ಥಂಡ್ಯಾಗ. ಅಲ್ಲಿ ಭಾಷಾ ಬರ್ತಿದ್ದಿಲ್ಲ, ಹಾಡು ಬರ್ತಿದ್ದಿಲ್ಲ, ಸೂಜಿ ಕೆಲಸ ಮಾತ್ರ ಭೇಷ್. ಸಮುದ್ರದ ದಂಡಿಗೆ ಹಡಗಾ ಕಾಯ್ಕೋತ ಕೂತಾಗ, ರಾಜಾಗ ಸೇರೂ ಇಸ್ಪೀಟು ಆಟ ನನಗೂ ಕಲಿಸ್ರಿ ಅಂತ ಕೇಳಿದ್ಲಂತ ಪಾಪ. ನಾನೂ ಇವರಿಗೆ ಸೇರ್ತದಂತ ಚೆಸ್ ಕಲತಿದ್ದೆ, ನಿನಗ ನೆನಪದ ಏನು? ರಾಜಾ ಅಕಿನ್ನ ನೋಡಿದ ಕೂಡಲೇ ಮನಸ್ಸಿಗೆ ಬರಲಿಲ್ಲ ಅಂದ. ಆದರೂ ಲಗ್ನಾತು. ಆರು ತಿಂಗಳಿಗೆ ಮುರೀತು.

ನಮ್ಮದು ಎರಡೂವರಿ ವರ್ಷ ನಡೀತು.

ಹೌದವ್ವ. ಮೊನ್ನೆ ಗುರುವಾರ ಕೋರ್ಟಿನಾಗ ಮುಗೀತು. ಇನ್ನ ಇವರು ಅನ್ನೂಹಂಗಿಲ್ಲ, ಅವರು ಅಂತ ಬರೀಬೇಕು. ಅಭಿನವ ಅಂತ ಹೆಸರು ಬರೀಲಿಕ್ಕೆ ಕೈ ಬರವಲ್ದು.

ಹೋದ ವರ್ಷ ಬನ್ನಿ ಹಬ್ಬದ ದಿನ ಫೋನಿನಾಗ ಇಬ್ಬರೂ ನಿನಗ ಬಂಗಾರದಂಗ ಇರೂಣು ಅಂದಿದ್ವಲ್ಲ, ಅದರ ಮರುದಿನ ಅವರು ಬಾಯಿ ಬಿಟ್ರು. ಹೊಡದಿಲ್ಲ, ಬೈದಿಲ್ಲ, ಬ್ಯಾರೆ ಯಾರೂ ಇಲ್ಲ. ಫೋಟೋ ನೋಡಿ ಹೂಂ ಅಂದು, ಹತ್ತು ದಿನದ ರಜಾದಾಗ ಬಂದು, ಕನ್ಯಾ ನೋಡೂದು, ನಿಶ್ಚಯ, ಅಕ್ಕಿಕಾಳು ಎಲ್ಲಾ ಮುಗಿಸಿ ವಿಮಾನ ಹತ್ತಿದವರು. ಮನಸ್ಸು ಕೂಡಲಿಲ್ಲ, ಭಾಳ ಪ್ರಯತ್ನಾ ಮಾಡಿದೆ, ತಪ್ಪು ನಿಂದಲ್ಲ ಅಂತ ಹೇಳಿ ಅತ್ರು. ತಪ್ಪು ನಂದಲ್ಲಾ ಅಂದ್ರ ಶಿಕ್ಷಾ ನನಗ್ಯಾಕ ಅಂತ ಚೀರಿದೆ.

ಬಿಡುಗಡಿಗೆ ಮೊದಲು ಒಂದು ವರ್ಷ ಬ್ಯಾರೆ ಇರಬೇಕು, ಟ್ರೆನ್ನುಂಗ್ಸ್‌ಯಾರ್ ಅಂತಾರ. ಒಂದ ಮನಿಯೊಳಗಿದ್ರೂ ನಡೀತದ, ಆದರ ಹಾಸಿಗಿ ಬ್ಯಾರೆ, ಅಡಿಗಿ ಬ್ಯಾರೆ, ಅರಿಬಿ ಒಗಿಯೂದೂ ಬ್ಯಾರೆ. ನಡುವ ಸಂಸಾರ ಮಾಡಿದ್ರ ವರ್ಷ ಮತ್ತ ಮೊದಲಿಂದ ಎಣಿಸಬೇಕಾದೀತು ಅಂತ ವಕೀಲರು ಅಂಜಿಸಿಟ್ಟಿದ್ರು. ಫ್ರಿಜ್ಜಿನಾಗ ಮ್ಯಾಲಿನ ಖಾನೆ ನಂದು, ಕೆಳಗಿಂದು ಅವರದು. ನಾ ಎರಡು ರೊಟ್ಟಿ ಬಡದು ಒಬ್ಬಾಕಿನ ಕೂಡೂದು, ಅವರು ಎದುರಿಗೆ ನಿಂತು ಒಣಾ ಬ್ರೆಡ್ ತಿನ್ನೂದು. ಮನ್ಯಾಗ ಹಸದ ಮನಷ್ಯಾ ಇದ್ದಾಗ ತಾ ಒಬ್ಬಾಕಿ ಉಣಬಾರದು ಅಂತ ಕಲಿಸಿದಾಕಿ ನೀ.

ಇನ್ನ ಆ ಫೋಟೋ ಮಾತು. ನಿನ್ನ ಗ್ವಾಡಿ ಮ್ಯಾಲಿನ ಮೂರರಾಗ ಬುರ್ಗಿಂದು ಒಂದ ಖರೇದು. ಉಳದ ಎರಡೂ ಬ್ಯಾರೆ ಇದ್ದ ಈ ವರ್ಷದಾಗ ತಗಸಿದ್ದು. ಅವ್ವನ ಸಲುವಾಗಿ ಒಂದು ದಿನ ಬರ್ರಿ ಅಂತ ನಾನ ಕೈ ಮುಗದಿದ್ದೆ, ಅವರು ಬಂದ್ರು. ರೈಲಿನಾಗ ಮಾತಿಲ್ಲದ ಎದುರಾಬದುರಾ ಕೂತು ಹೋಗೂದು, ಯಾರದರೆ ಕೈಯಾಗ ಕ್ಯಾಮೆರಾ ಕೊಟ್ಟು ಹಲ್ಲು ತಗಿಯೂದು, ಹಂಗ ವಾಪಸ್ ಬರೂದು. ಕ್ಲೇವದಾಗ ಅಳಿಯಂದ್ರ ಕೈ ನಿನ್ನ ಹೆಗಲ ಮ್ಯಾಲ ಅದ ಅಂತ ನೀ ಹಿಗ್ಗಿ ಬರದಿದ್ದಿ. ಫೋಟೋ ತಗಿಯೂ ಮುದುಕಿ ಇನ್ನೂ ಹತ್ರ ನಿಲ್ರಿ ಅಂದ್ಲು, ಅದಕ್ಕ ಇಟ್ರು. ತಗದಾದ ಮ್ಯಾಲ ಕೈ ಹಿಂದಕ್ಕ ತಗೊಂಡ್ರು. ನಾಚಿಕಿ ಬಿಟ್ಟು ಹೇಳ್ತೀನಿ, ಊರು ಮುಟ್ಟೂತನಾ ನನಗ ಆ ಹೆಗಲಿನದ ಧ್ಯಾಸ ಇತ್ತು.

ಅದಕ್ಕ ಪವಿ ವಿಷಯದಾಗ ಗಡಿಬಿಡಿ ಮಾಡಬ್ಯಾಡ. ಅಬ್‌ಸ್ಟಾಟಿನ ಹುಡುಗ ಒಳ್ಳೆಯವನ ಇರಬಹುದು. ನನಗ ಸಿಕ್ಕವರೂ ಒಳ್ಳೆಯವರ. ಅಂವ ರಜಾ ಹಾಕಿ ಬರಲಿ, ಇಬ್ಬರೂ ನಾಕು ದಿನ ಕೂತು ಮಾತಾಡಲಿ, ಜಗಳಾನೂ ಆಡಲಿ. ಅಕ್ಕನ ಸಂಸಾರ ಹಿಂಗಾತು ಅಂತ ಕೇಳಿ ಆ ಹುಡುಗನ ಮನಿಯವರು ಬ್ಯಾಡ ಅಂದ್ರ, ಆ ಪಾಪ ನನ್ನ ತಲಿ ಮ್ಯಾಲ ಇರಲಿ. ಪವಿಗೆ ಈ ಪತ್ರ ಓದಿ ಹೇಳು.

ಆನ್ನಾ ತಿರುಗಿ ತವರಿಗೆ ಬರಲಿಲ್ಲ. ರಾಜಾ ಅಕಿಗೆ ತಂಗಿ ಅಂತ ಹೆಸರಿಟ್ಟು ಮನಿ-ಮಾರು ಕೊಟ್ಟ, ಅಕಿ ಅಲ್ಲೇ ಸತ್ಲು. ಅವರೂ ನನಗ ಹೇಳ್ಯಾರ, ಇಲ್ಲೇ ಇರು, ಏನರೆ ಓದು, ವೀಸಾದ್ದು ನಾ ನೋಡ್ಕೋತೀನಿ, ಮನ್ಯಾಗ ಯಾರಿಗೂ ತಿಳಿಯೂದು ಬ್ಯಾಡ ಅಂತ. ನಾ ಒಲ್ಲೆ ಅಂದೆ. ಇಪ್ಪತ್ತೆಂಟಕ್ಕ ನನ್ನ ವಿಮಾನ. ಆದರ ಪವಿ ಲಗ್ನಾಗೂತನಾ ಮಂದಿ ಬಾಯಿಗೆ ಅಂಜಿ ನೀ ಬರಬ್ಯಾಡ ಅಂದ್ರ ನಾ ಎಲ್ಲಿಗೆ ಹೋಗಲಿ? ಅದೊಂದ ಚಿಂತಿ ನನಗ. ಇಪ್ಪತ್ಮೂರನೇ ತಾರೀಕು ರವಿವಾರ ಫೋನ್ ಮಾಡ್ತೀನಿ. ಬಾ ಅನ್ನೂ ಮನಸ್ಸಿದ್ರ, ಅಳಿಯಂದ್ರು ಹೆಂಗಿದ್ದಾರ ಅಂತ ಕೇಳಬ್ಯಾಡ. ನನ್ನಷ್ಟ ಕೇಳು. ನಾ ತಿಳಕೋತೀನಿ.

ಈ ಸಲದ ಫೋಟೋ ಲಕೋಟಿಯೊಳಗ ಅದ. ಇಲ್ಲೇ ಡ್ಯೂಸೆಲ್‌ಡಾರ್ಫಿನ ಹೊಳಿ ದಂಡಿ ದುಂಡ ಗೋಪುರ, ಆನ್ನಾನ ಅರಮನಿಯೊಳಗ ಅದೊಂದ ಉಳದದ್ದು. ಇದರಾಗ ನಾ ಒಬ್ಬಾಕಿನ ಇದೀನಿ. ಕ್ಯಾಮೆರಾ ಹಿಡದವರು ಅವರು.

ನಿನ್ನ ದೊಡ್ಡ ಮಗಳು,
ಭೂಮಿಕಾ

ತಾ.ಕ.: ಇದನ್ನ ಪವಿಗೆ ಓದಬ್ಯಾಡ. ಫೆಬ್ರುವರಿಯೊಳಗ ಅವರು ಜ್ವರ ಬಂದು ನಾಕು ದಿನ ಹಾಸಿಗಿ ಹಿಡದಿದ್ರು. ನಾ ದಿನಾ ಜ್ವಾಳದ ಗಂಜಿ ಕಾಸಿ ಕೈಯಾರೆ ಕುಡಿಸೀನಿ. ಗುರುವಾರ ಜಡ್ಜ್ ಮೇಡಂ ಕೇಳಿದ್ರು, ಈ ವರ್ಷದಾಗ ಗಂಡಗ ಒಮ್ಮೆರೆ ಅಡಿಗಿ ಮಾಡಿ ಹಾಕೀರೇನು ಅಂತ. ಹೂಂ ಅಂದಿದ್ರ ಫೆಬ್ರುವರಿಯಿಂದ ಮತ್ತ ಎಣಿಸ್ತಿದ್ರೋ ಏನೋ, ಇನ್ನೂ ಮೂರು ತಿಂಗಳು ಅವರ ಹೆಂಡತಿಯಾಗಿ ಇರ್ತಿದ್ದೆ. ಅವರು ತಲಿ ಎತ್ತಿ ನನ್ನ ಕಡೆ ನೋಡಿದ್ರು. ನಾ ಇಲ್ಲ ಅಂದೆ.